ಬಾಯಿ ಬಿಟ್ಟ ಜಾಯಿಂಟ್: ಫೈಬರ್ ಕಾಂಪೊಸಿಟ್‌ನಲ್ಲಿ ಅಂಟು ಕಿತ್ತಾಗ, ಪದರ ಎದ್ದಾಗ ಕಾರಣ ಹುಡುಕುವ ಬಗೆ

ಅಂಟಿಸಿದ ಜಾಯಿಂಟ್ ಕಿತ್ತು ಬಂದ ತಕ್ಷಣ ಎಲ್ಲರ ಕೈ ಮೊದಲು ಹೋಗುವುದು ಎಮರಿ ಪೇಪರಿಗೆ. ಎರಡೂ ಮುಖ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ, ಈ ಸಲ ಅಂಟು ಸ್ವಲ್ಪ ಜಾಸ್ತಿಯೇ ಇರಲಿ ಎಂದು ಬಳಿದು ಮತ್ತೆ ಕೂಡಿಸಿಬಿಡುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗ ಮತ್ತೆ ಬಾಯಿ ಬಿಡುತ್ತದೆ. ಕಾರಣ ಹೇಳಬಲ್ಲ ಸಾಕ್ಷಿ ಒಂದೇ ಒಂದು ಇತ್ತು, ಒಡೆದ ಮುಖ. ಅದು ಉಜ್ಜಿದ ಪುಡಿಯ ಜೊತೆ ಕಸದ ಬುಟ್ಟಿಗೆ ಹೋಗಿರುತ್ತದೆ.

ಹಾಗಾಗಿ ಮೊದಲ ಹೆಜ್ಜೆ, ಏನೂ ಮಾಡದೆ ಸುಮ್ಮನಿರುವುದು. ಒಡೆದ ಎರಡೂ ತುಂಡುಗಳನ್ನು ಬೇರೆ ಬೇರೆ ಹೊಸ ಪ್ಲಾಸ್ಟಿಕ್ ಕವರಿಗೆ ಹಾಕಿ. ಒಡೆದ ಮುಖಕ್ಕೆ ಬೆರಳು ತಾಗಿಸಬೇಡಿ, ಮತ್ತೆ ಒಂದರ ಮೇಲೊಂದು ಇಟ್ಟು "ಹೀಗೆ ಕೂತಿತ್ತು" ಎಂದು ತಿಕ್ಕಿ ನೋಡಬೇಡಿ. ಮೇಲಿನದು ಯಾವುದು, ಎಳೆತ ಯಾವ ದಿಕ್ಕಿಗಿತ್ತು, ಸೀಳು ಯಾವ ತುದಿಯಿಂದ ಶುರುವಾಯಿತು ಎಂಬುದನ್ನು ಹಿಂಬದಿಗೆ ಮಾರ್ಕರ್‌ನಲ್ಲಿ ಬರೆದಿಡಿ. ಆಮೇಲೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ವಾಚು ರಿಪೇರಿಯವರ ಬಳಿ ಇರುವಂಥ, 10 ಪಟ್ಟು ಹಿಗ್ಗಿಸುವ ಲೆನ್ಸ್ ಒಂದಿದ್ದರೆ ಮುಂದಿನ ಕೆಲಸಕ್ಕೆ ಸಾಕು.

ಫೈಬರ್ ಕಾಂಪೊಸಿಟ್ ಎಂದರೆ ಗ್ಲಾಸ್ ಅಥವಾ ಕಾರ್ಬನ್ ಎಳೆಗಳ ಪದರಗಳನ್ನು ರೆಸಿನ್ ಎಂಬ, ಆಮೇಲೆ ಗಟ್ಟಿಯಾಗುವ ದ್ರವದಲ್ಲಿ ಕೂಡಿಸಿ ಮಾಡಿದ ವಸ್ತು. ಇಲ್ಲಿ ಹೇಳುತ್ತಿರುವುದು ಅಂಥ ತುಂಡನ್ನು ಇನ್ನೊಂದು ಫೈಬರ್ ತುಂಡಿಗೋ ಅಲ್ಯೂಮಿನಿಯಂಗೋ ಎಪಾಕ್ಸಿಯಲ್ಲಿ (ರೆಸಿನ್, ಹಾರ್ಡನರ್ ಎರಡನ್ನೂ ಬೆರೆಸಿದಾಗ ಗಟ್ಟಿಯಾಗುವ ಅಂಟು) ಅಂಟಿಸಿದ ಜಾಯಿಂಟ್‌ಗಳ ಬಗ್ಗೆ. ಪಾಲಿಯೆಸ್ಟರ್ ರೆಸಿನ್ ಬಳಸುವ ದೋಣಿ, ಟ್ಯಾಂಕ್ ಕೆಲಸದ ಮಾತು ನಡುವೆ ಬರುತ್ತದೆ.

ಒಡೆದ ಮುಖ ಏನು ಹೇಳುತ್ತದೆ

ನೋಡಬೇಕಾದ್ದು ಒಂದೇ: ಸೀಳು ಯಾವುದರೊಳಗೆ ಓಡಿದೆ? ಅಂಟಿಗೂ ತುಂಡಿಗೂ ನಡುವಿನ ಗಡಿಯಲ್ಲೇ, ಅಂಟಿನ ಒಡಲಲ್ಲೇ, ಇಲ್ಲ ಫೈಬರ್ ಪದರದೊಳಗೇ? ಫೈಬರ್ ಜಾಯಿಂಟ್‌ಗಳು ಒಡೆಯುವ ಬಗೆಗಳನ್ನು ವಿಂಗಡಿಸಲೆಂದೇ ಎಎಸ್‌ಟಿಎಂ ಡಿ 5573 ಎಂಬ ಮಾನಕ ಇದೆ. ದಿನದ ಕೆಲಸಕ್ಕೆ ಈ ಮೂರು ಗುಂಪು ಸಾಕು.

ಒಂದು ತುಂಡಿನ ಮೇಲೆ ಅಂಟೆಲ್ಲ ಉಳಿದು ಇನ್ನೊಂದು ತುಂಡು ಬೋಳಾಗಿದ್ದರೆ ಗಡಿಯಲ್ಲಿ ಬಿಟ್ಟಿದೆ. ಇದು ಎಲ್ಲಕ್ಕಿಂತ ಕೆಟ್ಟ ಸುದ್ದಿ. ತಪ್ಪು ಮುಖ ತಯಾರಿಯಲ್ಲಿದೆ. ಅದೇ ದಿನ, ಅದೇ ಕೈಯಲ್ಲಿ ಅಂಟಿಸಿದ ಉಳಿದ ಜಾಯಿಂಟ್‌ಗಳೂ ಅನುಮಾನಕ್ಕೆ ಒಳಪಟ್ಟವು. ಎರಡೂ ತುಂಡಿನ ಮೇಲೆ ಅಂಟು ಇದ್ದರೆ ಅಂಟೇ ಹರಿದಿದೆ: ಮಿಶ್ರಣ, ಗಟ್ಟಿಯಾಗುವಿಕೆ, ದಪ್ಪ, ಗುಳ್ಳೆ ಇವುಗಳ ಕಡೆ ನೋಡಬೇಕು. ಅಂಟಿನ ಮೇಲೆ ಎಳೆಗಳು ಕಿತ್ತುಕೊಂಡು ಬಂದು ಗಡ್ಡದಂತೆ ನಿಂತಿದ್ದರೆ ಅಂಟು ತನ್ನ ಕೆಲಸ ಮಾಡಿದೆ, ಸೋತದ್ದು ಪದರ. ಆಗ ಅಂಟು ಬದಲಿಸಿ ಪ್ರಯೋಜನವಿಲ್ಲ. ಜಾಯಿಂಟ್‌ನ ಆಕಾರವನ್ನೋ ಪದರಗಳ ಜೋಡಣೆಯನ್ನೋ ಬದಲಿಸಬೇಕು.

ಬಹಳ ಸಲ ಮೂರೂ ಒಂದೇ ಮುಖದಲ್ಲಿ ಬೆರೆತಿರುತ್ತವೆ. ಟ್ರೇಸಿಂಗ್ ಪೇಪರಿನಲ್ಲಿ ಗಡಿಗಳನ್ನು ಎಳೆದು, ಯಾವುದು ನೂರಕ್ಕೆ ಎಷ್ಟು ಪಾಲು ಎಂದು ಅಂದಾಜಿಸಿ. ಸೀಳು ಹುಟ್ಟಿದ ತುದಿಯ 10 ಮಿ.ಮೀ. ಜಾಗಕ್ಕೆ ಹೆಚ್ಚು ತೂಕ ಕೊಡಿ. ಸೀಳು ಓಡಲು ಶುರುವಾದ ಮೇಲೆ ಎಲ್ಲಿ ಹರಿಯಿತು ಎನ್ನುವುದಕ್ಕಿಂತ ಎಲ್ಲಿ ಮೊಳಕೆಯೊಡೆಯಿತು ಎನ್ನುವುದು ಮುಖ್ಯ.

ಬೋಳು ಮುಖ: ಅಂಟು ಹಿಡಿದೇ ಇಲ್ಲ

ಅಂಟು ಉಳಿದ ತುಂಡನ್ನು ಲೆನ್ಸ್‌ನಲ್ಲಿ ನೋಡಿ. ಎದುರು ಮುಖದ ಅಚ್ಚು ಅದರ ಮೇಲೆ ಮೂಡಿರುತ್ತದೆ. ಎಮರಿ ಪೇಪರಿನ ಗೀರುಗಳು ಕಾಣುತ್ತಿದ್ದರೆ ಉಜ್ಜಿದ್ದು ನಿಜ, ಆದರೆ ಉಜ್ಜಿದ ಮೇಲೆ ಕೊಳೆ ಕೂತಿದೆ ಅಥವಾ ಕೊಳೆಯ ಸಮೇತ ಉಜ್ಜಿದ್ದಾರೆ. ಗೀರೇ ಇಲ್ಲದೆ ಗಾಜಿನ ಹಾಗೆ ಹೊಳೆದರೆ ಅಲ್ಲಿಗೆ ಪೇಪರ್ ಮುಟ್ಟಿಯೇ ಇಲ್ಲ. ಮೂಲೆಗಳಲ್ಲಿ, ಕೈ ತೂರದ ಒಳಬದಿಗಳಲ್ಲಿ ಇದು ಸಾಮಾನ್ಯ. ಬಟ್ಟೆಯ ನೇಯ್ಗೆ ಚೌಕಚೌಕವಾಗಿ ಮೂಡಿದ್ದರೆ ಪೀಲ್ ಪ್ಲೈ (ತುಂಡು ಮಾಡುವಾಗ ಮೇಲೆ ಹಾಸಿ, ಗಟ್ಟಿಯಾದ ಮೇಲೆ ಕಿತ್ತು ತೆಗೆಯುವ ಬಟ್ಟೆ) ಕಿತ್ತ ಮುಖಕ್ಕೆ ನೇರವಾಗಿ ಅಂಟಿಸಿದ್ದಾರೆ. ಇನ್ನು ಅಂಟಿನ ಮೇಲ್ಮೈ ದುಂಡಗೆ, ಜೇನು ಹರಿದು ನಿಂತ ಹಾಗೆ ನುಣುಪಾಗಿದ್ದರೆ ಅದು ಎದುರು ತುಂಡನ್ನು ಮುಟ್ಟಿದ್ದೇ ಇಲ್ಲ. ಅಲ್ಲಿ ಜಾಯಿಂಟ್ ಇತ್ತು ಎಂದು ನಾವು ಅಂದುಕೊಂಡಿದ್ದೆವು, ಅಷ್ಟೆ.

ಪೀಲ್ ಪ್ಲೈ ವಿಷಯದಲ್ಲಿ ಗೊಂದಲ ಬಹಳ. ಬರೀ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಒಂದು ಬಗೆ. ಸುಲಭವಾಗಿ ಕಿತ್ತು ಬರಲಿ ಎಂದು ಸಿಲಿಕೋನೋ ಟೆಫ್ಲಾನೋ ಸವರಿದ ಬಟ್ಟೆ ಇನ್ನೊಂದು ಬಗೆ. ಎರಡನೆಯದನ್ನು ಹಾಕಿದ ಮುಖಕ್ಕೆ ಅಂಟು ಹಿಡಿಯುವುದಿಲ್ಲ. ಕೈಗೆ ಸಲೀಸಾಗಿ ಬಂತೆಂದು ಖುಷಿಪಟ್ಟಷ್ಟೇ ಸಲೀಸಾಗಿ ಮುಂದೆ ಜಾಯಿಂಟೂ ಬರುತ್ತದೆ. ಮೊದಲ ಬಗೆಯದನ್ನು ಬಳಸಿದರೂ ಕಿತ್ತ ಮೇಲೆ 120ರಿಂದ 180 ನಂಬರ್ ಪೇಪರಿನಲ್ಲಿ ಹಗುರವಾಗಿ ಉಜ್ಜುವುದೇ ಕ್ಷೇಮ. ಹೊಳಪು ಪೂರ್ತಿ ಹೋಗಬೇಕು, ಎಳೆ ಕತ್ತರಿಸಬಾರದು. ಉಜ್ಜಿದ ಪುಡಿ ರೆಸಿನ್ನಿನ ಬಣ್ಣದಲ್ಲಿ ಇರುವವರೆಗೆ ಸರಿ. ಕಾರ್ಬನ್ ತುಂಡಿನಲ್ಲಿ ಪುಡಿ ಕಪ್ಪಗಾಗತೊಡಗಿತೆಂದರೆ ಎಳೆ ತಲುಪಿದ್ದೀರಿ, ನಿಲ್ಲಿಸಿ.

ಮೋಲ್ಡ್ ಬದಿಯ ಮುಖದಲ್ಲಿ, ತುಂಡು ಅಚ್ಚಿಗೆ ಅಂಟಿಕೊಳ್ಳದಿರಲೆಂದು ಸವರಿದ ವ್ಯಾಕ್ಸ್ ಇದ್ದೇ ಇರುತ್ತದೆ. ಇಲ್ಲಿ ಕೆಲಸದ ಅನುಕ್ರಮವೇ ಜೀವ: ಮೊದಲು ದ್ರಾವಕದಲ್ಲಿ ಒರೆಸಬೇಕು, ಆಮೇಲೆ ಉಜ್ಜಬೇಕು, ಆಮೇಲೆ ಮತ್ತೆ ಒರೆಸಬೇಕು. ಮೊದಲೇ ಉಜ್ಜಿದರೆ ವ್ಯಾಕ್ಸ್ ಗೀರುಗಳೊಳಗೆ ಇಳಿದು ಕೂರುತ್ತದೆ, ಮತ್ತೆ ಮೇಲೆ ಬರುವುದಿಲ್ಲ. ಒರೆಸಲು ಗ್ಯಾರೇಜಿನ ಬನಿಯನ್ ವೇಸ್ಟ್ ಬೇಡ. ಬಣ್ಣ, ಎಣ್ಣೆ ಎರಡೂ ಅದರಲ್ಲಿರುತ್ತವೆ. ನೂಲು ಉದುರದ ಬಿಳಿ ಬಟ್ಟೆ ಎರಡು ತೆಗೆದುಕೊಳ್ಳಿ. ಒಂದರಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಅಸಿಟೋನ್ ಹಾಕಿ ಒಂದೇ ದಿಕ್ಕಿಗೆ ಒರೆಸಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿಕೊಳ್ಳಿ. ತಾನಾಗಿ ಆರಲು ಬಿಟ್ಟರೆ ಕರಗಿದ ಕೊಳೆ ಅಲ್ಲೇ ಮತ್ತೆ ತೆಳ್ಳಗೆ ಹರಡಿ ಕೂರುತ್ತದೆ. ದ್ರಾವಕ ಶುದ್ಧವೋ ಅಲ್ಲವೋ ತಿಳಿಯಲು ಒಂದು ಹನಿಯನ್ನು ತೊಳೆದ ಗಾಜಿನ ಮೇಲೆ ಬಿಟ್ಟು ಆರಲು ಬಿಡಿ. ಉಂಗುರದಂಥ ಕಲೆ ಉಳಿದರೆ ಆ ಡಬ್ಬಿ ಬ್ರಷ್ ತೊಳೆಯಲಿಕ್ಕೆ ಇರಲಿ. ಪೇಂಟ್ ಅಂಗಡಿಯಲ್ಲಿ ಸಿಗುವ ಅಗ್ಗದ ಥಿನ್ನರ್‌ಗಳು ಈ ಪರೀಕ್ಷೆಯಲ್ಲಿ ಪಾಸಾಗುವುದು ಕಡಿಮೆ.

ಸಿಲಿಕೋನ್ ಇನ್ನೊಂದು ಪೀಡೆ. ಅದೇ ಶೆಡ್ಡಿನಲ್ಲಿ ಯಾರೋ ಸಿಲಿಕೋನ್ ಸ್ಪ್ರೇ ಹೊಡೆದರೆ ಅಂಟಿಸುವ ಮುಖಕ್ಕೆ ಬಂದು ಕೂರುತ್ತದೆ. ಉಜ್ಜಿದರೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಅಂಟಿಸುವ ಕೋಣೆಯಿಂದ ಅದನ್ನು ಹೊರಹಾಕುವುದೊಂದೇ ದಾರಿ.

ಕೊಳೆ ಇದೆಯೇ ಎಂದು ನೋಡಲು ನೀರಿನ ಪರೀಕ್ಷೆ ಮಾಡಿ. ಡಿಸ್ಟಿಲ್ಡ್ ವಾಟರ್ ಸಿಂಪಡಿಸಿ, ತುಂಡನ್ನು ನೆಟ್ಟಗೆ ನಿಲ್ಲಿಸಿ 30 ಸೆಕೆಂಡು ನೋಡಿ. ನೀರು ಹಾಳೆಯಂತೆ ಅಖಂಡವಾಗಿ ನಿಲ್ಲಬೇಕು. ಕೆಸುವಿನೆಲೆಯ ಮೇಲಿನ ಹನಿಯಂತೆ ಮುದುಡಿಕೊಂಡರೆ ಮುಖ ಕೊಳೆಯಾಗಿದೆ, ಮೊದಲಿಂದ ಶುರು ಮಾಡಿ. ಆದರೆ ಒರಟಾಗಿ ಉಜ್ಜಿದ ಮುಖ ಅಲ್ಪಸ್ವಲ್ಪ ಕೊಳೆ ಇದ್ದರೂ ನೀರನ್ನು ಹಿಡಿದಿಟ್ಟುಕೊಳ್ಳಬಹುದು. ಫೇಲಾದರೆ ಖಂಡಿತ ಫೇಲು. ಪಾಸಾದರೆ ಪೂರ್ತಿ ಪಾಸು ಎಂದು ನಂಬಬೇಡಿ. ಪರೀಕ್ಷೆ ಆದ ಮೇಲೆ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಒಣಗಿಸಲು ಮರೆಯಬೇಡಿ.

ಮಳೆಗಾಲದಲ್ಲಿ ಮಾತ್ರ ಕಾಣಿಸುವ ಕಾಯಿಲೆಗಳು

ಮಂಗಳೂರು, ಮಲ್ಪೆ ಕಡೆಯ ಜೂನ್‌–ಸೆಪ್ಟೆಂಬರ್ ಹವೆಯಲ್ಲಿ ಅದೇ ಅಂಟು, ಅದೇ ಕೈ, ಆದರೂ ಜಾಯಿಂಟ್ ಬಿಡುತ್ತದೆ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಇಬ್ಬನಿ. ಗಾಳಿ 28 ಡಿಗ್ರಿ ಇದ್ದು ತೇವ ಶೇ. 85 ಇದ್ದರೆ ಸುಮಾರು 25 ಡಿಗ್ರಿಗೇ ನೀರು ಕಟ್ಟುತ್ತದೆ. ರಾತ್ರಿಯಿಡೀ ತಣ್ಣಗಾದ ಅಲ್ಯೂಮಿನಿಯಂ ತುಂಡು ಬೆಳಿಗ್ಗೆ ಎಂಟಕ್ಕೆ ಅದಕ್ಕಿಂತ ತಂಪಾಗಿರಬಹುದು. ಕಣ್ಣಿಗೆ ಕಾಣದಷ್ಟು ತೆಳು ನೀರು ಅದರ ಮೇಲಿರುತ್ತದೆ. ಅಸಿಟೋನ್ ಒರೆಸಿದರೆ ಅದು ಆವಿಯಾಗುವಾಗ ಮುಖ ಇನ್ನಷ್ಟು ತಣ್ಣಗಾಗುತ್ತದೆ. ಅಂಟಿಸುವ ಮುಖ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಹೇರ್ ಡ್ರೈಯರಿನಲ್ಲಿ 35–40 ಡಿಗ್ರಿಗೆ ಬಿಸಿ ಮಾಡಿಕೊಂಡರೆ ನಿಶ್ಚಿಂತೆ.

ಇದನ್ನು ಸಣ್ಣ ವಿಷಯ ಎನ್ನುವವರಿಗೆ 1988ರ ಏಪ್ರಿಲ್ 28ರ ಅಲೋಹಾ ಏರ್‌ಲೈನ್ಸ್ 243 ವಿಮಾನವನ್ನು ನೆನಪಿಸಬೇಕು. ಹವಾಯಿಯ ಮೇಲೆ ಹಾರುತ್ತಿದ್ದ ಬೋಯಿಂಗ್ 737ರ ಮುಂಭಾಗದ ಮೇಲ್ಚಾವಣಿ ಕಿತ್ತು ಹಾರಿಹೋಯಿತು, ಗಗನಸಖಿಯೊಬ್ಬರು ತೀರಿಕೊಂಡರು. ಅದು ಕಾಂಪೊಸಿಟ್ ಅಲ್ಲ, ಅಲ್ಯೂಮಿನಿಯಂ ತಗಡುಗಳ ಜಾಯಿಂಟ್. ಆ ಕಾಲದ 737ಗಳಲ್ಲಿ ಬಳಸಿದ್ದ ಅಂಟಿನ ಫಿಲ್ಮನ್ನು ತಂಪಿನಲ್ಲಿಟ್ಟು, ಅಂಟಿಸುವಾಗ ಹೊರತೆಗೆಯುತ್ತಿದ್ದರು. ಅದರ ಮೇಲೆ ಕಟ್ಟುತ್ತಿದ್ದ ತೇವ ಜಾಯಿಂಟ್ ದುರ್ಬಲವಾಗಲು ಒಂದು ಕಾರಣವೆಂದು ತನಿಖೆ ಗುರುತಿಸಿತು. ಅಂಟು ಬಿಟ್ಟಲ್ಲಿ ನೀರು ಹೊಕ್ಕು ತುಕ್ಕು ಹಿಡಿಯಿತು, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿತ್ತು, ರಿವೆಟ್ ತೂತುಗಳಿಂದ ಬಿರುಕುಗಳು ಓಡಿದವು. ಮೈನಸ್ 18 ಡಿಗ್ರಿಯ ಫ್ರೀಜರಿನಿಂದ ತೆಗೆದ ಫಿಲ್ಮನ್ನಾಗಲಿ ಪ್ರೀಪ್ರೆಗ್ಗನ್ನಾಗಲಿ (ಮೊದಲೇ ರೆಸಿನ್ ಹೀರಿಸಿಟ್ಟ ಫೈಬರ್ ಬಟ್ಟೆ) ಸೀಲ್ ಮಾಡಿದ ಚೀಲದಲ್ಲೇ ಕೋಣೆಯ ಬಿಸಿಗೆ ತಂದು, ಚೀಲದ ಹೊರಮೈ ಬೆವರುವುದು ನಿಂತ ಮೇಲೆಯೇ ಬಿಚ್ಚಬೇಕು.

ಎರಡನೆಯದು ಅಮೀನ್ ಬ್ಲಷ್. ಎಚ್‌ವೈ 951ರಂಥ ಅಮೀನ್ ಹಾರ್ಡನರ್‌ಗಳು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ರೆಸಿನ್ ಮೇಲೆ ಜಿಡ್ಡು ಪೊರೆ ಕಟ್ಟುತ್ತವೆ. ನಿನ್ನೆ ಹಾಕಿದ ಪದರದ ಮೇಲೆ ಇಂದು ಇನ್ನೊಂದು ಪದರ ಹಾಕುವವರಿಗೆ ಇದು ನೇರ ಶತ್ರು. ಒದ್ದೆ ಬೆರಳಲ್ಲಿ ತಿಕ್ಕಿದರೆ ಸೋಪಿನಂತೆ ಜಾರುತ್ತದೆ. ಇದನ್ನು ಅಸಿಟೋನ್‌ನಲ್ಲಿ ತೆಗೆಯಲು ಹೋಗಬೇಡಿ, ಬೆಚ್ಚಗಿನ ನೀರೇ ಇದಕ್ಕೆ ಮದ್ದು. ಪಾತ್ರೆ ಉಜ್ಜುವ ನಾರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಪೇಪರ್ ಹಿಡಿಯಿರಿ.

ಮೂರನೆಯದು ತುಂಡಿನೊಳಗೇ ಇರುವ ನೀರು. ತಿಂಗಳುಗಟ್ಟಲೆ ಶೆಡ್ಡಿನಲ್ಲಿದ್ದ ಫೈಬರ್ ತುಂಡು ತೇವ ಕುಡಿದಿರುತ್ತದೆ. ಬಿಸಿಯಲ್ಲಿ ಗಟ್ಟಿ ಮಾಡುವ ಅಂಟಾದರೆ ಆ ನೀರು ಆವಿಯಾಗಿ ಅಂಟಿನೊಳಗೆ ಸಾಸಿವೆ ಕಾಳಿನಂಥ ಗುಳ್ಳೆ ಎಬ್ಬಿಸುತ್ತದೆ. 70–80 ಡಿಗ್ರಿಯ ಓವನ್ನಿನಲ್ಲಿ ಒಣಗಿಸಿ, ನಡುನಡುವೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿದೆ ಎಂದರ್ಥ.

ಅಲ್ಯೂಮಿನಿಯಂ ಸೇರಿದ ಜಾಯಿಂಟ್

ಹೊಸದಾಗಿ ಅಂಟಿಸಿದಾಗ ಚೆನ್ನಾಗಿಯೇ ಇದ್ದು, ವರ್ಷದೊಳಗೆ ಅಲ್ಯೂಮಿನಿಯಂ ಕಡೆಯಿಂದ ಬಿಟ್ಟುಕೊಳ್ಳುವುದು ಈ ಜೋಡಿಯ ಸ್ವಭಾವ. ಲೋಹದ ಮೇಲಿನ ಆಕ್ಸೈಡ್ ಪೊರೆಯನ್ನು ನೀರು ನಿಧಾನವಾಗಿ ಬದಲಿಸುತ್ತದೆ. ಅಂಟು ಹಿಡಿದಿರುವುದು ಆ ಪೊರೆಯನ್ನೇ. ಬರೀ ಉಜ್ಜಿ ಅಂಟಿಸಿದರೆ ಒಣ ಪರೀಕ್ಷೆಯಲ್ಲಿ ಒಳ್ಳೆ ಅಂಕಿ ಬರುತ್ತದೆ, ಅದೇ ಮೋಸ. ವಿಮಾನ ಕೆಲಸದಲ್ಲಿ ಫಾಸ್ಫಾರಿಕ್ ಆಸಿಡ್ ಆನೊಡೈಸಿಂಗ್ (ಆಸಿಡ್ಡಿನಲ್ಲಿ ವಿದ್ಯುತ್ ಹಾಯಿಸಿ ಆಕ್ಸೈಡ್ ಪೊರೆ ಬೆಳೆಸುವುದು) ಮಾಡುತ್ತಾರೆ. ಅದಿಲ್ಲದವರಿಗೆ ಎಪಾಕ್ಸಿ ಗುಂಪಿನ ಸೈಲೇನ್ (ಲೋಹವನ್ನೂ ಅಂಟನ್ನೂ ಬೆಸೆಯುವ ರಾಸಾಯನಿಕ) ಒಳ್ಳೆಯ ದಾರಿ: ಡಿಸ್ಟಿಲ್ಡ್ ವಾಟರ್‌ನಲ್ಲಿ ಶೇ. 1ರಷ್ಟು ಸೈಲೇನ್ ಬೆರೆಸಿ ಒಂದು ಗಂಟೆ ಕದಡಿ, ಆಗಷ್ಟೇ ಗ್ರಿಟ್ ಬ್ಲಾಸ್ಟ್ ಮಾಡಿದ (ಒರಟು ಕಣಗಳನ್ನು ಗಾಳಿಯಲ್ಲಿ ಊದಿ ಉಜ್ಜಿದ) ಮುಖವನ್ನು ಅದರಲ್ಲಿ 15 ನಿಮಿಷ ಒದ್ದೆಯಾಗಿಟ್ಟು, 110 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ. ಬೆರೆಸಿದ ದ್ರಾವಣ ಆ ದಿನಕ್ಕೆ ಮಾತ್ರ.

ಜೊತೆಯಲ್ಲಿರುವುದು ಕಾರ್ಬನ್ ಆದರೆ ಇನ್ನೊಂದು ಕಾಟ ಇದೆ. ಕಾರ್ಬನ್ ಮತ್ತು ಅಲ್ಯೂಮಿನಿಯಂ ಮುಟ್ಟಿಕೊಂಡು ನಡುವೆ ತೇವ ಸೇರಿದರೆ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಸವೆಯುತ್ತದೆ. ಬಿಟ್ಟ ಮುಖದಲ್ಲಿ ಬಿಳಿ ಹಿಟ್ಟು ಕಂಡರೆ ಇದೇ. ನಡುವೆ ತೆಳು ಗ್ಲಾಸ್ ಬಟ್ಟೆ ಒಂದು ಪದರ ಇಟ್ಟು ಎರಡನ್ನೂ ಬೇರ್ಪಡಿಸಿ. ಡ್ರೋನ್ ತೋಳು, ಸೈಕಲ್ ಫ್ರೇಮುಗಳಲ್ಲಿ ಕಾರ್ಬನ್ ಕೊಳವೆಗೆ ಅಲ್ಯೂಮಿನಿಯಂ ಇನ್ಸರ್ಟ್ ಕೂಡಿಸುವವರು ಈ ಒಂದು ಪದರವನ್ನು ಉಳಿಸಲು ಹೋಗಬಾರದು.

ಅಂಟೇ ಹರಿದಿದ್ದರೆ

ಮೊದಲು ಉಗುರಿನಲ್ಲಿ ಒತ್ತಿ ನೋಡಿ. ಅಂಟು ರಬ್ಬರಿನಂತೆ ತಗ್ಗಿದರೆ ಅಥವಾ ಅಸಿಟೋನ್ ತಾಗಿಸಿದ ಜಾಗ ಅಂಟಂಟಾದರೆ ಗಟ್ಟಿಯಾಗುವಿಕೆ ಮುಗಿದಿಲ್ಲ. ಗಡಸುತನ ಅಳೆಯುವ ಡ್ಯೂರೋಮೀಟರ್ ಇದ್ದರೆ ಗಟ್ಟಿ ಎಪಾಕ್ಸಿ ಶೋರ್ ಡಿ ಅಳತೆಯಲ್ಲಿ 80ರ ಆಸುಪಾಸು ತೋರಿಸಬೇಕು. ಒಂದು ಕಡೆ ಗಟ್ಟಿ, ಪಕ್ಕದಲ್ಲೇ ಮೆತ್ತಗೆ ಇದ್ದರೆ ಕದಡಿದ್ದು ಸಾಲದು. ಡಬ್ಬಿಯ ಗೋಡೆ, ತಳಕ್ಕೆ ಅಂಟಿದ್ದ ಬೆರೆಯದ ರೆಸಿನ್ನನ್ನು ಕೊನೆಗೆ ಬಳಿದು ಹಾಕಿದ್ದಾರೆ. ಕದಡಿದ್ದನ್ನು ಇನ್ನೊಂದು ಡಬ್ಬಿಗೆ ಸುರಿದು ಮತ್ತೆ ಕದಡುವುದು ಸುಲಭದ ಪರಿಹಾರ.

ಎಲ್ಲ ಕಡೆ ಮೆತ್ತಗಿದ್ದರೆ ಅಳತೆ ತಪ್ಪಿದೆ. ತೂಕದ ಅಳತೆ ಮತ್ತು ಗಾತ್ರದ ಅಳತೆಯ ಗೊಂದಲವೇ ಹೆಚ್ಚಿನ ಸಲ ಕಾರಣ. ಅರಾಲ್ಡೈಟ್ ಎಡಬ್ಲ್ಯೂ 106ಕ್ಕೆ ಎಚ್‌ವಿ 953 ಹಾರ್ಡನರ್ ಗಾತ್ರದಲ್ಲಿ ಸಮಸಮ, ಆದರೆ ತೂಕದಲ್ಲಿ 100ಕ್ಕೆ 80. ಹಾರ್ಡನರ್ ಹಗುರವಾಗಿರುವುದರಿಂದ ಈ ವ್ಯತ್ಯಾಸ. "ಸಮಸಮ" ಎಂದು ಕೇಳಿಸಿಕೊಂಡವರು ತಕ್ಕಡಿಯಲ್ಲಿ ಸಮ ತೂಗಿದರೆ ಹಾರ್ಡನರ್ ಕಾಲುಪಾಲು ಹೆಚ್ಚಾಗುತ್ತದೆ. ಎಲ್‌ವೈ 556ಕ್ಕೆ ಎಚ್‌ವೈ 951 ಬಳಸುವಾಗ ತೂಕದಲ್ಲಿ 100ಕ್ಕೆ 10ರಿಂದ 12. ಇಲ್ಲಿ 20 ಗ್ರಾಂ ರೆಸಿನ್‌ಗೆ ಬೇಕಾದದ್ದು 2 ಗ್ರಾಂ ಹಾರ್ಡನರ್. ಅಡುಗೆಮನೆಯ ತಕ್ಕಡಿ ಅರ್ಧ ಗ್ರಾಂ ಹೆಚ್ಚುಕಡಿಮೆ ತೋರಿಸಿದರೆ ಅದೇ ಶೇ. 25ರ ತಪ್ಪು. 0.1 ಗ್ರಾಂ ತೋರಿಸುವ ತಕ್ಕಡಿ ಕೊಳ್ಳಿ, ಒಂದು ಸಲಕ್ಕೆ 50 ಗ್ರಾಂಗಿಂತ ಕಡಿಮೆ ಬೆರೆಸಬೇಡಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಸುರಿಯುವ ಪದ್ಧತಿ ಪಾಲಿಯೆಸ್ಟರ್ ಕೆಲಸದಿಂದ ಬಂದದ್ದು; ಅಲ್ಲಿ ಶೇ. 1ರಿಂದ 2ರ ನಡುವೆ ಕ್ಯಾಟಲಿಸ್ಟ್ ಹೆಚ್ಚುಕಡಿಮೆ ಮಾಡಿ ವೇಗ ಹೊಂದಿಸಬಹುದು. ಎಪಾಕ್ಸಿಯಲ್ಲಿ ಹಾರ್ಡನರ್ ರೆಸಿನ್ನಿನ ಅರ್ಧಾಂಗಿ, ಹೆಚ್ಚಾದದ್ದು ಜೊತೆ ಸಿಗದೆ ಹಾಗೇ ಉಳಿದು ನೀರು ಕುಡಿಯುತ್ತದೆ.

ಅಂಟು ತಣ್ಣಗಿರುವಾಗ ಗಟ್ಟಿ, ಬಿಸಿಲಿಗೆ ಇಟ್ಟಾಗ ಬಿಟ್ಟಿದೆ ಎಂದರೆ ಕತೆ ಬೇರೆ. ಕೋಣೆಯ ಬಿಸಿಯಲ್ಲೇ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ 50–60 ಡಿಗ್ರಿಯ ಆಚೆ ಮೆತ್ತಗಾಗತೊಡಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಕಾರ್ಬನ್ ಮೇಲ್ಮೈ ಅಷ್ಟು ಬಿಸಿಯಾಗುವುದೇನೂ ದೊಡ್ಡದಲ್ಲ. 24 ಗಂಟೆ ಕೋಣೆಯಲ್ಲಿಟ್ಟ ಮೇಲೆ, ಗಂಟೆಗೆ 20 ಡಿಗ್ರಿ ಮೀರದಂತೆ ಏರಿಸಿ 60ರಿಂದ 80 ಡಿಗ್ರಿಯಲ್ಲಿ ಕೆಲವು ಗಂಟೆ ಪೋಸ್ಟ್ ಕ್ಯೂರ್ (ಕಾಯಿಸಿ ಪೂರ್ತಿ ಗಟ್ಟಿಗೊಳಿಸುವುದು) ಮಾಡಿ. ನಿಖರ ಅಂಕಿ ನಿಮ್ಮ ರೆಸಿನ್ನಿನ ಡೇಟಾಶೀಟಿನಲ್ಲಿದೆ, ಅದನ್ನೇ ನಂಬಿ.

ಅಂಟಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಯಿರಿ: ಜಾಯಿಂಟ್‌ನ ಒಟ್ಟು ದಪ್ಪದಿಂದ ಎರಡು ತುಂಡುಗಳ ದಪ್ಪ ಕಳೆದರೆ ಉಳಿದದ್ದು ಅಂಟು. 0.1ರಿಂದ 0.3 ಮಿ.ಮೀ. ಒಳ್ಳೆಯದು. ಜಿ ಕ್ಲಾಂಪನ್ನು ಬಲ ಬಿಟ್ಟು ತಿರುಗಿಸಿದರೆ ಅಂಟೆಲ್ಲ ಹೊರಬಂದು ನಡುವೆ ಬರಗಾಲ. ಹಾಗೇ ಬಿಟ್ಟರೆ ಅರ್ಧ ಮಿ.ಮೀ. ದಾಟಿ ಗುಳ್ಳೆ ತುಂಬುತ್ತದೆ. ತೂಕದ ಶೇ. 1ರಷ್ಟು 0.2 ಮಿ.ಮೀ. ಗಾಜಿನ ಮಣಿ ಬೆರೆಸಿದರೆ ದಪ್ಪ ತಾನಾಗಿ ನಿಲ್ಲುತ್ತದೆ. ಮಣಿ ಸಿಗದಿದ್ದರೆ 0.2 ಮಿ.ಮೀ.ನ ಗಾಳದ ನೈಲಾನ್ ದಾರವನ್ನು ಒರೆಸಿ ಶುಭ್ರ ಮಾಡಿ ಎರಡು ಕಡೆ ಅಡ್ಡಲಾಗಿ ಇಟ್ಟರೂ ಆಯಿತು.

ಹರಿದ ಅಂಟಿನಲ್ಲಿ ಮರದ ಕೊಂಬೆಯಂತೆ ಕವಲೊಡೆದ ಗೆರೆಗಳು ಕಂಡರೆ, ಒತ್ತಿ ಕೂಡಿಸಿದ ಮೇಲೆ ಯಾರೋ ತುಂಡನ್ನು ಮತ್ತೆ ಎತ್ತಿದ್ದಾರೆ. ದೋಸೆ ಹಿಟ್ಟಿನ ಮೇಲೆ ತಟ್ಟೆ ಒತ್ತಿ ಎತ್ತಿದರೆ ಏಳುವ ಚಿತ್ತಾರವೇ ಇದು. "ಸರಿಯಾಗಿ ಕೂತಿದೆಯಾ ನೋಡೋಣ" ಎಂಬ ಕುತೂಹಲದ ಸಹಿ. ಆ ಗೆರೆಗಳೆಲ್ಲ ಗಾಳಿ. ಅಂಟು ಹಚ್ಚುವ ಮುಂಚೆಯೇ ಒಣ ಜೋಡಣೆ ಮಾಡಿ ನೋಡಿಕೊಳ್ಳಿ. ಅಂಟನ್ನು ನಡುವೆ ಒಂದು ದಪ್ಪ ಗೆರೆಯಾಗಿ ಹಾಕಿ ಒಂದೇ ಸಲ ಒತ್ತಿದರೆ ಗಾಳಿ ಬದಿಗಳಿಂದ ಹೊರಹೋಗುತ್ತದೆ.

ಪದರವೇ ಎದ್ದು ಬಂದಿದ್ದರೆ

ಕಾಂಪೊಸಿಟ್ ಎಳೆಯ ದಿಕ್ಕಿನಲ್ಲಿ ಉಕ್ಕಿಗೆ ಸವಾಲು ಹಾಕಬಹುದು, ಆದರೆ ದಪ್ಪದ ದಿಕ್ಕಿನಲ್ಲಿ ಅದನ್ನು ಹಿಡಿದಿರುವುದು ಬರೀ ರೆಸಿನ್. ಪದರ ಪದರವಾಗಿ ಸುಲಿಯಲು ಎಳೆ ಮುರಿಯಬೇಕಾಗಿಯೇ ಇಲ್ಲ. ಹಾಗಾಗಿ ಸುಲಿಯುವ ಎಳೆತ ಎಲ್ಲಿ ಹುಟ್ಟುತ್ತದೆಂದು ಹುಡುಕಿ.

ಒಂದರ ಮೇಲೊಂದು ಹೇರಿದ ಸಾದಾ ಲ್ಯಾಪ್ ಜಾಯಿಂಟ್‌ನಲ್ಲಿ ಅದು ತುದಿಗಳಲ್ಲಿ ಹುಟ್ಟುತ್ತದೆ. ಭಾರ ಅಂಟಿನ ಉದ್ದಕ್ಕೂ ಸಮನಾಗಿ ಹಂಚಿಕೊಳ್ಳುವುದಿಲ್ಲ, ಎರಡು ತುದಿಗಳಲ್ಲಿ ಗುಡ್ಡೆಯಾಗುತ್ತದೆ ಎಂದು ಫೋಲ್ಕರ್ಸನ್ 1938ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಎರಡು ತುಂಡುಗಳು ಒಂದೇ ಗೆರೆಯಲ್ಲಿಲ್ಲದ್ದರಿಂದ ಜಾಯಿಂಟ್ ಬಾಗಿ ತುದಿಗಳು ಸುಲಿಯಲು ನೋಡುತ್ತವೆ ಎಂಬುದನ್ನು 1944ರಲ್ಲಿ ಗೋಲ್ಯಾಂಡ್ ಮತ್ತು ರೈಸ್ನರ್ ಸೇರಿಸಿದರು. ಇದರ ಅರ್ಥ ಇಷ್ಟು: 25 ಮಿ.ಮೀ. ಹೇರಿಕೆಯನ್ನು 50 ಮಾಡಿದರೆ ಬಲ ಎರಡು ಪಟ್ಟಾಗುವುದಿಲ್ಲ. ಅದರ ಬದಲು ತುಂಡಿನ ತುದಿಯನ್ನು 1:10 ಇಳಿಜಾರಿನಲ್ಲಿ ಸವರಿ 0.75 ಮಿ.ಮೀ. ಆಸುಪಾಸಿಗೆ ತನ್ನಿ. ಹೊರಬಂದ ಅಂಟನ್ನು ಚೂಪಾಗಿ ಕೆರೆದು ತೆಗೆಯದೆ 45 ಡಿಗ್ರಿ ಕೋನದ ದಿಂಡಾಗಿ ಬಿಡಿ. ನೋಡಲು ಚಂದ ಕಾಣಲೆಂದು ಆ ದಿಂಡನ್ನು ಬ್ಲೇಡಿನಲ್ಲಿ ಕತ್ತರಿಸುವುದು ಜಾಯಿಂಟ್‌ನ ಕುತ್ತಿಗೆಯನ್ನೇ ಕತ್ತರಿಸಿದಂತೆ. ಆಗುವುದಾದರೆ ಎರಡೂ ಬದಿಯಿಂದ ಪಟ್ಟಿ ಕೊಟ್ಟು ಡಬಲ್ ಲ್ಯಾಪ್ ಮಾಡಿ, ಬಾಗುವ ಕಾಟವೇ ಇಳಿಯುತ್ತದೆ.

ಅಂಟಿಗೆ ತಾಗುವ ಮೊದಲ ಪದರದ ಎಳೆಗಳು ಎಳೆತದ ದಿಕ್ಕಿನಲ್ಲಿರಲಿ, ಅಥವಾ 45 ಡಿಗ್ರಿಯಲ್ಲಿ. 90 ಡಿಗ್ರಿಯ ಪದರ ಅಲ್ಲಿದ್ದರೆ ಅದು ಸಿಪ್ಪೆಯಂತೆ ಏಳುತ್ತದೆ.

ಜಾಯಿಂಟ್ ಅಲ್ಲದ ಕಡೆ ಪದರ ಎದ್ದಿದ್ದರೆ ಜೋಡಣೆಯ ಕಡೆ ನೋಡಿ. ಒಂದೇ ಕೋನದ ಪದರಗಳನ್ನು ನಾಲ್ಕಕ್ಕಿಂತ ಹೆಚ್ಚು ಒಟ್ಟಿಗೆ ಪೇರಿಸಿದ್ದಾರೆಯೇ? ದಪ್ಪ ಇಳಿಸುವಲ್ಲಿ ಎರಡು ಮೂರು ಪದರ ಒಟ್ಟಿಗೆ ನಿಲ್ಲಿಸಿದ್ದಾರೆಯೇ? ಒಂದೊಂದಾಗಿ, 1:20 ಇಳಿಜಾರಿನಲ್ಲಿ ನಿಲ್ಲಿಸಬೇಕು. ಎಲ್ ಆಕಾರದ ಮೂಲೆ ಬಿಚ್ಚಿಕೊಂಡಿದ್ದರೆ ಒಳಮೂಲೆಯ ದುಂಡು ಸಾಲದು.

ದೋಣಿ, ಟ್ಯಾಂಕ್ ಮಾಡುವವರಲ್ಲಿ ಕಾಣುವ ದೊಡ್ಡ ತಪ್ಪು ವೂವನ್ ರೋವಿಂಗ್ (ದಪ್ಪ ಗ್ಲಾಸ್ ಎಳೆಗಳ ಒರಟು ನೇಯ್ಗೆ) ಮೇಲೆ ನೇರವಾಗಿ ವೂವನ್ ರೋವಿಂಗ್ ಹಾಕುವುದು. ಎರಡು ಒರಟು ನೇಯ್ಗೆಗಳ ನಡುವೆ ಹಿಡಿತವಿಲ್ಲದ ರೆಸಿನ್ ಹೊಂಡಗಳು ಉಳಿಯುತ್ತವೆ. ನಡುವೆ ಚದರ ಮೀಟರಿಗೆ 300 ಅಥವಾ 450 ಗ್ರಾಂ ತೂಗುವ ಚಾಪ್ಡ್ ಮ್ಯಾಟ್ (ತುಂಡರಿಸಿದ ಗ್ಲಾಸ್ ಎಳೆಗಳ ಹಾಸು) ಇರಲೇಬೇಕು. ಮ್ಯಾಟ್‌ಗೆ ಅದರ ತೂಕದ ಸುಮಾರು ಎರಡೂವರೆ ಪಟ್ಟು ರೆಸಿನ್ ಬೇಕು: 450 ಗ್ರಾಂನ ಒಂದು ಚದರ ಮೀಟರಿಗೆ 1.1 ಕೆ.ಜಿ. ಆಯಿತು. ರೋವಿಂಗ್‌ಗೆ ಸಮಸಮ ಸಾಕು. ಬಿಳಿ ಎಳೆಗಳು ಕಾಣುತ್ತಿದ್ದರೆ ರೆಸಿನ್ ಸಾಲಲಿಲ್ಲ. ಒಂದೇ ಉಸಿರಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಮ್ಯಾಟ್ ಹಾಕಿದರೆ ಒಳಗಿನ ಬಿಸಿಗೆ ಕುಗ್ಗಿ ತಾನೇ ಬಿರಿಯುತ್ತದೆ. ಹಳೆಯ ಪಾಲಿಯೆಸ್ಟರ್ ಮೇಲೆ ಹೊಸ ಪದರ ಹಾಕುವಾಗ 40–80 ನಂಬರ್ ಪೇಪರಿನಲ್ಲಿ ಉಜ್ಜಿ, ಮೊದಲ ಪದರ ಮ್ಯಾಟ್ ಆಗಿರಲಿ. ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ; ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ನಂಬುವಷ್ಟು ಹಿಡಿಯುವುದಿಲ್ಲ. ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು: ಪಾಲಿಯೆಸ್ಟರ್ ಗಟ್ಟಿಯಾಗಲು ಹಾಕುವ ಕೋಬಾಲ್ಟನ್ನೂ (ಆಕ್ಸಿಲರೇಟರ್) ಎಂಇಕೆಪಿಯನ್ನೂ (ಕ್ಯಾಟಲಿಸ್ಟ್) ನೇರವಾಗಿ ಬೆರೆಸಿದರೆ ಸಿಡಿಯುತ್ತದೆ. ಕೋಬಾಲ್ಟ್ ರೆಸಿನ್‌ನಲ್ಲಿ ಪೂರ್ತಿ ಬೆರೆತ ಮೇಲೆ ಮಾತ್ರ ಇನ್ನೊಂದು.

ಪದರಗಳ ನಡುವಿನ ಹಿಡಿತವನ್ನೇ ಹೆಚ್ಚಿಸಬೇಕಾದರೆ ಅಗ್ಗದ, ಕೈಗೆಟಕುವ ಉಪಾಯ ನೈಲಾನ್‌ನಂಥ ಥರ್ಮೊಪ್ಲಾಸ್ಟಿಕ್ ವೇಲ್. ಚದರ ಮೀಟರಿಗೆ 5ರಿಂದ 20 ಗ್ರಾಂ ತೂಗುವ ತೆಳು ಜಾಳಿಗೆ. ಸೀಳು ಓಡುವ ಸಾಧ್ಯತೆ ಇರುವ ಪದರಗಳ ನಡುವೆ ಮಾತ್ರ ಇಟ್ಟರೆ ಸಾಕು. ರಬ್ಬರ್ ಸೇರಿಸಿ ಸುಲಭಕ್ಕೆ ಸೀಳದಂತೆ ಮಾಡಿದ ರೆಸಿನ್ ಇನ್ನೊಂದು ದಾರಿ, ಆದರೆ ಅದು ದಪ್ಪಗಾಗಿ ಬಟ್ಟೆಯೊಳಗೆ ಇಳಿಯಲು ಸತಾಯಿಸುತ್ತದೆ. ಹೊಲಿಗೆ ಮತ್ತು 0.28 ಅಥವಾ 0.5 ಮಿ.ಮೀ. ದಪ್ಪದ, ಪದರಗಳನ್ನು ತೂರಿ ನಿಲ್ಲುವ ಝಡ್ ಪಿನ್‌ಗಳು ಸೀಳನ್ನು ಬಲವಾಗಿ ತಡೆಯುತ್ತವೆ, ಪ್ರತಿಯಾಗಿ ಎಳೆಗಳನ್ನು ಬದಿಗೆ ಸರಿಸಿ ಸಮತಲದ ಬಲವನ್ನು ಸ್ವಲ್ಪ ತಿನ್ನುತ್ತವೆ. ಸಣ್ಣ ಶೆಡ್ಡುಗಳಿಗೆ ಇವು ದೂರದ ಮಾತು. ಜಾಯಿಂಟ್ ಇಲ್ಲದಂತೆಯೇ ಮಾಡುವುದು ಎಲ್ಲಕ್ಕಿಂತ ಮೇಲು: ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ತೇಜಸ್ ವಿಮಾನದ ಭಾಗಗಳಿಗೆ ಬಳಸಿದ ಕೋ-ಕ್ಯೂರ್ ವಿಧಾನದಲ್ಲಿ ಹೊದಿಕೆಯನ್ನೂ ಒಳಗಿನ ಪಟ್ಟಿಗಳನ್ನೂ ಆಟೊಕ್ಲೇವಿನಲ್ಲಿ (ಒತ್ತಡ ಹಾಕುವ ಓವನ್) ಒಟ್ಟಿಗೇ ಬೇಯಿಸುತ್ತಾರೆ.

ಇನ್ನೂ ಒಡೆಯದ ಭಾಗವನ್ನು ಪರೀಕ್ಷಿಸುವುದು

ಐದು ರೂಪಾಯಿ ನಾಣ್ಯದಲ್ಲಿ 10 ಮಿ.ಮೀ. ಅಂತರದಲ್ಲಿ ತಟ್ಟುತ್ತಾ ಹೋಗಿ. ತೆಂಗಿನಕಾಯಿ ಆರಿಸುವವರ ಕಿವಿ ಬೇಕು: ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಎದ್ದ ಜಾಗ ಡಬ್ ಎನ್ನುತ್ತದೆ. ಗಡಿಯನ್ನು ಚಾಕಿನಲ್ಲಿ ಗುರುತಿಸಿ. ದಪ್ಪ ತುಂಡಿನಲ್ಲಿ, ನಡುವೆ ಹಗುರ ತಿರುಳಿಟ್ಟು ಮಾಡಿದ ಸ್ಯಾಂಡ್‌ವಿಚ್‌ನ ಆಚೆ ಬದಿಯ ಹೊದಿಕೆಯಲ್ಲಿ ಈ ಕಿವಿ ಕೆಲಸ ಮಾಡುವುದಿಲ್ಲ. 2005ರ ಮಾರ್ಚ್ 6ರಂದು ಕ್ಯೂಬಾದಿಂದ ಹೊರಟ ಏರ್ ಟ್ರಾನ್ಸಾಟ್ 961 ವಿಮಾನದ ಕಾಂಪೊಸಿಟ್ ರಡ್ಡರ್ (ಬಾಲದ ಚುಕ್ಕಾಣಿ) ಬಹುಪಾಲು ಹಾರಾಟದಲ್ಲೇ ಕಳಚಿತು. ಅಂಥ ರಡ್ಡರ್‌ಗಳಿಗೆ ಆಗ ಮಾಡುತ್ತಿದ್ದ ತಟ್ಟು ಪರೀಕ್ಷೆ ಸಾಲದಿರಬಹುದು ಎಂದು ಕೆನಡಾದ ತನಿಖೆ ಹೇಳಿತು.

ಇದಕ್ಕಿಂತ ಮುಖ್ಯ ಮಾತೊಂದಿದೆ. ನಾಣ್ಯವಾಗಲಿ ಅಲ್ಟ್ರಾಸೌಂಡ್ ಆಗಲಿ ತೋರಿಸುವುದು ಬಿರುಕು, ಖಾಲಿ ಜಾಗ ಇಷ್ಟನ್ನೇ. ಮುಟ್ಟಿಕೊಂಡಿದ್ದೂ ಹಿಡಿಯದೇ ಇರುವ ಅಂಟನ್ನು ಅವು ಒಳ್ಳೆಯದೆಂದೇ ತೋರಿಸುತ್ತವೆ. ಬೋಳು ಮುಖ ಒಂದು ಕಡೆ ಸಿಕ್ಕಿದರೆ ಆ ದಿನದ ಉಳಿದ ಜಾಯಿಂಟ್‌ಗಳಿಗೂ ಅನುಮಾನ ಎಂದದ್ದು ಇದೇ ಕಾರಣಕ್ಕೆ.

ದುರಸ್ತಿ

ಕೊಳೆಯಾಗದ, ಒಣಗಿದ, ಸಣ್ಣ ಪದರಬಿರುಕಿಗೆ ಮಾತ್ರ ರೆಸಿನ್ ಇಂಜೆಕ್ಷನ್ ಸರಿ. ಎದ್ದ ಜಾಗದ ಎರಡು ತುದಿಗೆ 2 ಮಿ.ಮೀ. ತೂತು, ಬಿರುಕಿನ ಆಳಕ್ಕಷ್ಟೇ. ತುಂಡನ್ನು 40 ಡಿಗ್ರಿಗೆ ಬೆಚ್ಚಗೆ ಮಾಡಿ ಒಂದು ತೂತಿನಿಂದ ತೆಳು ರೆಸಿನ್ ತಳ್ಳಿ. ಇನ್ನೊಂದರಿಂದ ಗುಳ್ಳೆಯಿಲ್ಲದೆ ಹೊರಬಂದ ಮೇಲೆ ಒತ್ತಿ ಹಿಡಿಯಿರಿ. ಎಣ್ಣೆ, ನೀರು ಹೊಕ್ಕ ಬಿರುಕಿಗೆ ಇದು ಬರೀ ಬಣ್ಣ ಬಳಿದಂತೆ.

ಉಳಿದದ್ದಕ್ಕೆಲ್ಲ ಸ್ಕಾರ್ಫ್ ಮಾಡಬೇಕು, ಅಂದರೆ ಗಾಯದ ಸುತ್ತ ಇಳಿಜಾರಾಗಿ ಉಜ್ಜಿ ಹೊಸ ಪದರಗಳನ್ನು ಕೂಡಿಸಬೇಕು. 2 ಮಿ.ಮೀ. ದಪ್ಪದ, 8 ಪದರಗಳ ತುಂಡಿನಲ್ಲಿ 40 ಮಿ.ಮೀ. ಅಗಲದ ಗಾಯ ಎಂದುಕೊಳ್ಳಿ:

1. ಹಾಳಾದದ್ದನ್ನು ದುಂಡಗೆ ಕತ್ತರಿಸಿ ತೆಗೆಯಿರಿ. ಮೂಲೆ ಬಿಡಬೇಡಿ.
2. ಸುತ್ತ 1:30 ಇಳಿಜಾರು ಉಜ್ಜಿ. 2 ಮಿ.ಮೀ.ಗೆ 60 ಮಿ.ಮೀ., ಎರಡೂ ಬದಿ ಸೇರಿ ಒಟ್ಟು 160 ಮಿ.ಮೀ. ವ್ಯಾಸ. ಒಂದೊಂದು ಪದರದ ಉಂಗುರ 7.5 ಮಿ.ಮೀ. ಅಗಲ ಕಾಣಬೇಕು; ಉಂಗುರಗಳು ಸಮವಾಗಿದ್ದರೆ ಇಳಿಜಾರೂ ಸಮವಾಗಿದೆ. ದೂಳಿಗೆ ಮಾಸ್ಕ್, ಅಮೀನ್‌ಗೆ ನೈಟ್ರೈಲ್ ಗ್ಲವ್ಸ್.
3. ತುಂಡನ್ನು ಒಣಗಿಸಿ, ಎರಡು ಬಟ್ಟೆ ವಿಧಾನದಲ್ಲಿ ಒರೆಸಿ.
4. ಪ್ರತಿ ಪದರವನ್ನು ಮೂಲದ ಕೋನದಲ್ಲೇ ಹಾಕಿ. ಕೊನೆಯಲ್ಲಿ ಸುತ್ತ 15–25 ಮಿ.ಮೀ. ಹೊರಚಾಚುವ ಒಂದು ಹೆಚ್ಚುವರಿ ಪದರ.
5. ವ್ಯಾಕ್ಯೂಮ್ ಬ್ಯಾಗ್ (ಒಳಗಿನ ಗಾಳಿ ಎಳೆದು ಪದರಗಳನ್ನು ಒತ್ತುವ ಚೀಲ) ಹಾಕಿ. ಪಂಪ್ ನಿಲ್ಲಿಸಿದ ಮೇಲೂ ಮೀಟರ್ ಐದು ನಿಮಿಷ ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು.

ಉಜ್ಜಿದ ಮುಖಕ್ಕೂ ಅಂಟಿಗೂ ನಡುವೆ ಊಟದ ಬಿಡುವು ಬರದಂತೆ ಕೆಲಸ ಹೊಂದಿಸಿಕೊಳ್ಳಿ. ಅಲ್ಯೂಮಿನಿಯಂ ಇದ್ದರಂತೂ ಒಂದು ಗಂಟೆಯೊಳಗೆ ಮುಗಿಸಿ.

ಪ್ರತಿ ದಿನದ ಅಂಟಿನ ಜೊತೆ, ಅದೇ ಡಬ್ಬಿಯಿಂದ, ಅದೇ ರೀತಿ ತಯಾರಿಸಿದ ಸಾಕ್ಷಿ ತುಂಡುಗಳನ್ನೂ ಅಂಟಿಸಿಡಿ. 25 ಮಿ.ಮೀ. ಅಗಲ, 12.5 ಮಿ.ಮೀ. ಹೇರಿಕೆ, 4.7 ಕಿಲೋನ್ಯೂಟನ್ ತಡೆದರೆ 15 ಮೆಗಾಪಾಸ್ಕಲ್ ಆಯಿತು. ಎಳೆಯುವ ಯಂತ್ರ ಇಲ್ಲದಿದ್ದರೆ 150 ಮಿ.ಮೀ. ಉದ್ದದ ಎರಡು ಪಟ್ಟಿ ಅಂಟಿಸಿ, ಒಂದು ತುದಿಗೆ 3 ಮಿ.ಮೀ. ಬೆಣೆ ಹೊಡೆದು ಸೀಳಿನ ತುದಿಯನ್ನು ಗುರುತು ಮಾಡಿ. 50 ಡಿಗ್ರಿಯ ಬಿಸಿನೀರಿನಲ್ಲಿ ಒಂದು ರಾತ್ರಿ ಮುಳುಗಿಸಿ, ಬೆಳಿಗ್ಗೆ ಸೀಳು ಎಷ್ಟು ಮುಂದೆ ಹೋಗಿದೆ ನೋಡಿ, ಆಮೇಲೆ ಪೂರ್ತಿ ಬಿಡಿಸಿ. ರಾತ್ರಿ ಓಡಿದ ಆ ಭಾಗದಲ್ಲಿ ಎರಡೂ ಪಟ್ಟಿಯ ಮೇಲೆ ಅಂಟು ಇದ್ದರೆ ಜಾಯಿಂಟನ್ನು ಕೆಲಸಕ್ಕೆ ಕಳಿಸಬಹುದು. ಒಂದು ಪಟ್ಟಿ ಬೋಳಾಗಿದ್ದರೆ ಒಣ ಪರೀಕ್ಷೆ ಎಷ್ಟೇ ಕಿಲೋನ್ಯೂಟನ್ ತೋರಿಸಿರಲಿ, ಆ ದಿನದ ಕೆಲಸವನ್ನು ಹಿಂದಕ್ಕೆ ತರಿಸಿಕೊಳ್ಳಿ.